ಕಂಟ್ರೋಲ್ ರೂಮಿನ ಎಲ್‌ಇಡಿ ಗೋಡೆ: ಒಂದು ಹಂಗಾಮು ಉರಿಸಿದ ಮೇಲೆ

ಅಕ್ಕಲಕೋಟೆ ತಾಲ್ಲೂಕಿನಲ್ಲಿರುವ ನಮ್ಮ ಸಕ್ಕರೆ ಕಾರ್ಖಾನೆಯ ಕೋಜನ್ (ಉಗಿ ಮತ್ತು ವಿದ್ಯುತ್ತನ್ನು ಒಟ್ಟಿಗೆ ತಯಾರಿಸುವ) ಘಟಕದ ಕಂಟ್ರೋಲ್ ರೂಮಿಗೆ 2025ರ ಅಕ್ಟೋಬರ್ ಕೊನೆಯ ವಾರದಲ್ಲಿ ಒಂದು ಎಲ್‌ಇಡಿ ಗೋಡೆ ಬಂತು. ಅದರ ಅಗಲ 3 ಮೀಟರ್, ಎತ್ತರ 1.69 ಮೀಟರ್, ಪಿಕ್ಸೆಲ್ ಪಿಚ್ (ಬೆಳಕಿನ ಬಿಂದುಗಳ ನಡುವಿನ ಅಂತರ) 1.56 ಮಿ.ಮೀ., ಕ್ಯಾಬಿನೆಟ್‌ಗಳು (ಜೋಡಿಸಿ ಗೋಡೆ ಕಟ್ಟುವ ಬಿಡಿ ಪರದೆಗಳು) ಒಟ್ಟು 25. ನವೆಂಬರಿನಲ್ಲಿ ಬಾಯ್ಲರ್ ಹೊತ್ತಿಸಿದ ದಿನದಿಂದ ಹಂಗಾಮು ಮುಗಿಯುವವರೆಗೆ ಅದು ಹಗಲು ರಾತ್ರಿ ಉರಿದಿದೆ. ಇನ್‌ಸ್ಟ್ರುಮೆಂಟೇಶನ್ ವಿಭಾಗದವನಾದ ನಾನು ಅದರ ಆಯ್ಕೆಯಲ್ಲಿದ್ದೆ, ಖರೀದಿ ಸಮಿತಿಗೆ ಟಿಪ್ಪಣಿ ಬರೆದುಕೊಟ್ಟವನೂ ನಾನೇ, ಜನವರಿಯ ಒಂದು ಸರಿರಾತ್ರಿ ಅದರ ಮುಂದೆ ಟಾರ್ಚ್ ಹಿಡಿದು ನಿಂತವನೂ ನಾನೇ. ಸೊಲ್ಲಾಪುರ ಸೀಮೆಯ ಕಾರ್ಖಾನೆಗಳಲ್ಲಿ ಈಗ ಹಲವರು ಇಂಥ ಗೋಡೆಯ ವಿಚಾರ ಮಾಡುತ್ತಿರುವುದರಿಂದ ನಮಗೆ ಏನು ಸರಿಹೋಯಿತು, ಏನು ಕೈಕೊಟ್ಟಿತು ಎಂಬುದನ್ನು ಲೆಕ್ಕದೊಂದಿಗೆ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಮಾರುವವರು ಇದನ್ನು ಚದರ ಅಡಿಯ ದರದಲ್ಲಿ ಮಾರುತ್ತಾರೆ, ಆದರೆ ಕಂಟ್ರೋಲ್ ರೂಮಿಗೆ ಬೇಕಾಗಿರುವುದು ಓದಲು ಸಾಲುವಷ್ಟು ಪಿಕ್ಸೆಲ್ಲುಗಳು ಮತ್ತು ಕೆಟ್ಟ ರಾತ್ರಿ ಕೈಗೆ ಸಿಗುವ ಬಿಡಿಭಾಗಗಳು.

ಗೋಡೆ ಏಕೆ ಬೇಕಾಯಿತು ಎಂಬ ಪ್ರಶ್ನೆಯೇ ಕೊನೆಗೆ ಅದರ ಅಳತೆಯನ್ನೂ ನಿರ್ಧರಿಸಿತು. ಕಬ್ಬು ಅರೆದು ಉಳಿದ ಬಗ್ಯಾಸ್ ಕೊನೆಯ ಮಿಲ್ಲಿನಿಂದ ಕನ್ವೇಯರ್ ಹಿಡಿದು ನೇರವಾಗಿ ಬಾಯ್ಲರಿಗೆ ಹೋಗುತ್ತದೆ. ಆ ಬಾಯ್ಲರಿನ ಉಗಿ ಟರ್ಬೈನನ್ನು ತಿರುಗಿಸಿ, ಒತ್ತಡ ಇಳಿದ ಮೇಲೆ ರಸ ಕಾಯಿಸುವ ಕಡೆಗೆ ಸಾಗುತ್ತದೆ. ಹೀಗಾಗಿ ಮಿಲ್ಲಿಗೆ ಕಬ್ಬು ಸಾಗಿಸುವ ಕ್ಯಾರಿಯರ್ ಸಿಕ್ಕಿಕೊಂಡು ಮಿಲ್ಲು ನಿಂತರೆ ಬಾಯ್ಲರಿಗೆ ಬರುವ ಇಂಧನವೂ ಕಡಿಮೆಯಾಗುತ್ತದೆ, ಉಗಿಯ ಬೇಡಿಕೆಯೂ ಬೀಳುತ್ತದೆ. ಬೇಡಿಕೆ ಥಟ್ಟನೆ ಬಿದ್ದಾಗ ಒತ್ತಡ ಏರಿ, ಬಾಯ್ಲರಿನ ಡ್ರಮ್ಮಿನ (ನೀರು, ಉಗಿ ಬೇರ್ಪಡುವ ಪೀಪಾಯಿಯ) ನೀರಿನೊಳಗಿನ ಗುಳ್ಳೆಗಳು ಕುಗ್ಗಿ, ಮಟ್ಟ ಒಮ್ಮೆಲೇ ಇಳಿದಂತೆ ಕಾಣುತ್ತದೆ. ಅನುಭವವಿಲ್ಲದವನು ಗಾಬರಿಯಿಂದ ನೀರು ಹೆಚ್ಚು ಬಿಟ್ಟರೆ ಮುಂದಿನ ಐದು ನಿಮಿಷ ಎಲ್ಲರಿಗೂ ಕಷ್ಟ. ಕ್ಯಾರಿಯರ್ ನಿಂತದ್ದು ಬಾಯ್ಲರ್ ಆಪರೇಟರನ ಕಣ್ಣಿಗೂ ಟರ್ಬೈನ್ ಆಪರೇಟರನ ಕಣ್ಣಿಗೂ ಒಂದೇ ಕ್ಷಣದಲ್ಲಿ ಬೀಳಬೇಕು. ಮೊದಲು ಇದು ಫೋನಿನಲ್ಲಿ, ಕೆಲವೊಮ್ಮೆ ಬಾಗಿಲಲ್ಲಿ ನಿಂತು ಕೂಗುವುದರಲ್ಲಿ ನಡೆಯುತ್ತಿತ್ತು. ಆದ್ದರಿಂದ ನಮಗೆ ಬೇಕಿದ್ದದ್ದು ಎಲ್ಲರೂ ಒಟ್ಟಿಗೆ ನೋಡುವ ಒಂದೇ ಚಿತ್ರ. ಪ್ರತಿಯೊಬ್ಬರ ಮೇಜಿನ ಮೇಲೆ ಈಗಾಗಲೇ ಇರುವ ಮಾನಿಟರಿನ ದೊಡ್ಡ ನಕಲು ಅಲ್ಲ. ಈ ವ್ಯತ್ಯಾಸ ನಮಗೆ ಸ್ಪಷ್ಟವಾಗಲು ಎರಡು ತಿಂಗಳು ಹಿಡಿಯಿತು.

ಇದಕ್ಕೆ ಮುಂಚೆ ಗೋಡೆಯ ಮೇಲೆ ಎರಡು 55 ಇಂಚಿನ ಮನೆಬಳಕೆಯ ಟಿವಿಗಳಿದ್ದವು. ಅಗ್ಗವೆಂದು ತಂದದ್ದು. ಎರಡು ಹಂಗಾಮು ಒಂದೇ ಮಿಮಿಕ್ ಚಿತ್ರವನ್ನು (ಘಟಕದ ಪೈಪು, ಯಂತ್ರಗಳ ನಕ್ಷೆಯನ್ನು) ದಿನದ 24 ಗಂಟೆ ತೋರಿಸಿದ ಮೇಲೆ ಬೇರೆ ಪುಟ ಹಾಕಿದರೂ ಹಳೆಯ ಪೈಪ್‌ಲೈನುಗಳ ನೆರಳು ಹಿಂದಿನಿಂದ ಇಣುಕುತ್ತಿತ್ತು. ಮನೆಯ ಟಿವಿಯನ್ನು ದಿನವಿಡೀ ಸ್ಥಿರ ಚಿತ್ರ ತೋರಿಸಲೆಂದು ಮಾಡಿರುವುದಿಲ್ಲ, ವಾರಂಟಿಯ ಕಾಗದದಲ್ಲಿ ವಾಣಿಜ್ಯ ಬಳಕೆಯನ್ನು ಸಾಮಾನ್ಯವಾಗಿ ಹೊರಗಿಟ್ಟೇ ಇರುತ್ತಾರೆ. ಹಾಗಾಗಿ ದೂರು ಕೊಡುವ ಮಾತೇ ಇರಲಿಲ್ಲ.

ಕೊಟೇಶನ್ ಕೊಡಲು ಮೂವರು ಬಂದರು: ಪುಣೆಯಿಂದ ಇಬ್ಬರು, ಸೊಲ್ಲಾಪುರದಿಂದ ಒಬ್ಬರು. ಸೊಲ್ಲಾಪುರದವರ ಮುಖ್ಯ ಕಸುಬು ಮದುವೆ, ಜಾತ್ರೆ, ಚುನಾವಣಾ ಸಭೆಗಳಿಗೆ ಪರದೆ ಬಾಡಿಗೆಗೆ ಕೊಡುವುದು. ಮೂವರೂ ಒಂದೊಂದು ಕ್ಯಾಬಿನೆಟ್ ತಂದು ಮೇಜಿನ ಮೇಲಿಟ್ಟು ತೋರಿಸಿದ್ದು ಒಂದೇ ಬಗೆಯ ವಿಡಿಯೊ: ಬಣ್ಣಬಣ್ಣದ ಮೀನು, ಅರಳುವ ಹೂವು, ಜಲಪಾತ. ಚಲಿಸುವ ಚಿತ್ರದಲ್ಲಿ ಯಾವ ಪರದೆಯೂ ಸುಂದರವಾಗಿಯೇ ಕಾಣುತ್ತದೆ, ಏಕೆಂದರೆ ಕಣ್ಣು ಅಂಚನ್ನು ಹುಡುಕುವುದಿಲ್ಲ. ನಾನು ನಮ್ಮ ಡಿಸಿಎಸ್ಸಿನ (ಘಟಕವನ್ನು ನಡೆಸುವ ಕಂಪ್ಯೂಟರ್ ವ್ಯವಸ್ಥೆಯ) ಬಾಯ್ಲರ್ ಪುಟದ ಸ್ಕ್ರೀನ್‌ಶಾಟನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡಿದ್ದೆ. ಅದನ್ನು ಹಿಗ್ಗಿಸದೆ ಕುಗ್ಗಿಸದೆ, ಒಂದಕ್ಕೆ ಒಂದು ಪಿಕ್ಸೆಲ್ ಹೊಂದುವಂತೆ ಹಾಕಿ ಎಂದು ಕೇಳಿದೆ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಅದು ಆಗಲೇ ಇಲ್ಲ; ಅವರ ಪೆಟ್ಟಿಗೆ ಬಂದ ಚಿತ್ರವನ್ನೆಲ್ಲ ಪರದೆಯ ಅಳತೆಗೆ ಹಿಂಡಿಬಿಡುತ್ತಿತ್ತು. 2.5 ಮಿ.ಮೀ. ಪಿಚ್ಚಿನ ಪರದೆಯಲ್ಲಿ ಹಾಗೆ ಹಿಂಡಿದ ಪುಟವನ್ನು ನಮ್ಮ ಹಿರಿಯ ಬಾಯ್ಲರ್ ಆಪರೇಟರ್ ತನ್ನ ಕುರ್ಚಿಯಿಂದಲೇ ಕಣ್ಣು ಕಿರಿದು ಮಾಡಿ ನೋಡಿ, “ಮೀನ ಭಾಳ ಚಂದ ಕಾಣ್ತಾವ ಸಾಹೇಬ್ರ, ಆದ್ರ ಎಂಟು ಯಾವ್ದು, ಆರು ಯಾವ್ದು ತಿಳಿವಲ್ದು” ಎಂದರು. ಮೂರು ಕೊಟೇಶನ್ನುಗಳ ನಾಲ್ವತ್ತು ಪುಟಗಳಲ್ಲಿ ಇಷ್ಟು ಉಪಯುಕ್ತವಾದ ಒಂದು ಸಾಲೂ ಇರಲಿಲ್ಲ.

ದರದ ವಿಚಾರಕ್ಕೆ ಬಂದಾಗ ಲೆಕ್ಕಪತ್ರ ವಿಭಾಗದವರು ಕೇಳಿದ್ದು ಸಹಜವಾದ ಪ್ರಶ್ನೆ: 2.5 ಮಿ.ಮೀ. ಪಿಚ್ಚಿನ ಚದರ ಅಡಿಯ ದರ 1.56ರ ದರದ ಅರ್ಧಕ್ಕಿಂತ ಕಡಿಮೆ ಇರುವಾಗ ದುಬಾರಿಯದನ್ನು ಏಕೆ ಕೊಳ್ಳಬೇಕು? ಪಿಚ್ ಎಂದರೆ ಒಂದು ಬಿಂದುವಿನ ನಡುವಿನಿಂದ ಪಕ್ಕದ ಬಿಂದುವಿನ ನಡುವಿಗೆ ಇರುವ ಅಂತರ. ನಮ್ಮ ಗೋಡೆಯ ವಿಸ್ತೀರ್ಣ 5.06 ಚದರ ಮೀಟರ್, ಅಂದರೆ ಸುಮಾರು 54.5 ಚದರ ಅಡಿ. ಅಷ್ಟೇ ಜಾಗದಲ್ಲಿ 2.5ರ ಪರದೆ ಕೊಡುವುದು 1200 × 675, ಅಂದರೆ 8.1 ಲಕ್ಷ ಪಿಕ್ಸೆಲ್, 1.56ರ ಪರದೆ ಕೊಡುವುದು 1920 × 1080, ಅಂದರೆ 20.7 ಲಕ್ಷ. ಎರಡರ ನಡುವಿನ ಅನುಪಾತ 2.56. ಆದ್ದರಿಂದ ಸಣ್ಣ ಪಿಚ್ಚಿನ ದರ ದೊಡ್ಡದರ 2.56 ಪಟ್ಟಿಗಿಂತ ಕಡಿಮೆಯಿದ್ದರೆ ಪಿಕ್ಸೆಲ್ಲಿನ ಲೆಕ್ಕದಲ್ಲಿ ಸಣ್ಣದೇ ಅಗ್ಗ. ನಮಗೆ ಬಂದ ಕೊಟೇಶನ್ನುಗಳಲ್ಲಿ ಅದು ಎರಡು ಪಟ್ಟಿಗಿಂತ ತುಸು ಮಾತ್ರ ಹೆಚ್ಚಿತ್ತು. ಇನ್ನೊಂದು ದಿಕ್ಕಿನಿಂದ ನೋಡಿದರೆ, 2.5ರಲ್ಲಿ ಪೂರ್ತಿ 1920 × 1080 ಬೇಕೆಂದರೆ ಗೋಡೆ 4.8 × 2.7 ಮೀಟರ್ ಆಗಬೇಕು, ಅದು 140 ಚದರ ಅಡಿ. ನಮ್ಮ ಕೋಣೆಯ ಫಾಲ್ಸ್ ಸೀಲಿಂಗಿನ ಎತ್ತರವೇ 3 ಮೀಟರ್, ಕೆಳಗಿನ ಒಂದು ಮೀಟರಿನಷ್ಟು ಭಾಗ ಆಪರೇಟರರ ಮಾನಿಟರುಗಳ ಹಿಂದೆ ಮರೆಯಾಗುತ್ತದೆ. ಈ ಲೆಕ್ಕವನ್ನು ಮರಾಠಿಯಲ್ಲಿ ಒಂದು ಪುಟದ ಟಿಪ್ಪಣಿಯಾಗಿ ಸಮಿತಿಯ ಮುಂದಿಟ್ಟ ಮೇಲೆ ಆ ಪ್ರಶ್ನೆ ಮತ್ತೆ ಏಳಲಿಲ್ಲ. ಚದರ ಅಡಿಯ ಅಳತೆಯಲ್ಲಿ ಸುತ್ತಲಿನ ಅಲ್ಯೂಮಿನಿಯಂ ಚೌಕಟ್ಟನ್ನೂ ಸೇರಿಸಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಬೇಕು; ಮೂವರಲ್ಲಿ ಒಬ್ಬರು ಸದ್ದಿಲ್ಲದೆ ಸೇರಿಸಿದ್ದರು.

ಪಿಚ್ಚಿಗಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಅಕ್ಷರದ ಎತ್ತರ. ನಮ್ಮ ಆಪರೇಟರರ ಕುರ್ಚಿ ಗೋಡೆಯಿಂದ 4.5 ಮೀಟರ್ ದೂರದಲ್ಲಿದೆ, ಶಿಫ್ಟ್ ಇನ್‌ಚಾರ್ಜ್ ಮೇಜು 6.5 ಮೀಟರ್ ದೂರದಲ್ಲಿದೆ. ಅಂಕಿಯ ಎತ್ತರ ನೋಡುವ ದೂರದ ಇನ್ನೂರನೆಯ ಒಂದು ಭಾಗವಾದರೂ ಇರಬೇಕು, ಆರಾಮವಾಗಿ ಓದಲು ನೂರೈವತ್ತನೆಯ ಒಂದು ಭಾಗ ಬೇಕು ಎಂಬುದು ಬಳಕೆಯಲ್ಲಿರುವ ಸರಳ ಲೆಕ್ಕ. 6.5 ಮೀಟರಿಗೆ ಕನಿಷ್ಠ 32.5 ಮಿ.ಮೀ.; 1.56ರ ಪಿಚ್ಚಿನಲ್ಲಿ ಅದು 21 ಪಿಕ್ಸೆಲ್. ಆದರೆ ಆಪರೇಟರರ ಮಾನಿಟರಿಗೆಂದು ಬರೆದ ಪುಟದಲ್ಲಿ ಅಂಕಿಗಳ ಎತ್ತರ 12 ಪಿಕ್ಸೆಲ್ ಮಾತ್ರ. ಅದನ್ನು ಹಾಗೆಯೇ ಗೋಡೆಗೆ ಹಾಕಿದರೆ 19 ಮಿ.ಮೀ. ಅಂಕಿ ಬರುತ್ತದೆ, ನಾಲ್ಕು ಮೀಟರಿನಿಂದಾಚೆ ಅದು ಅಂದಾಜಿನ ವಸ್ತು. ಹೆಚ್ಚು ಹಣ ಕೊಟ್ಟು 1.25ರ ಪಿಚ್ ತಂದರೆ ಇದು ಬಗೆಹರಿಯುತ್ತದೆಯೇ ಎಂದು ಕೇಳಿದವರಿದ್ದರು. ಇಲ್ಲ, ಅದೇ ಅಳತೆಯ ಗೋಡೆಯಲ್ಲಿ 2400 × 1350 ಪಿಕ್ಸೆಲ್ ಸಿಗುತ್ತದೆ, ಆದರೆ ಡಿಸಿಎಸ್ ಕಳಿಸುವ ಚಿತ್ರ 1920 × 1080 ಮಾತ್ರ, ಉಳಿದದ್ದನ್ನು ಪ್ರೊಸೆಸರ್ ಹಿಗ್ಗಿಸಿ ತುಂಬಿಸುತ್ತದೆ. ಬಿಂದುಗಳು ಬೇರೆಬೇರೆಯಾಗಿ ಕಾಣದಿರಬೇಕಾದ ದೂರ, ಸಾಮಾನ್ಯ ದೃಷ್ಟಿಗೆ, ಪಿಚ್ಚಿನ 3,400 ಪಟ್ಟು, 1.56ಕ್ಕೆ ಅದು ಸುಮಾರು 5.3 ಮೀಟರ್, 1.25ಕ್ಕೆ 4.3 ಮೀಟರ್. ಮುಂದಿನ ಸಾಲಿನವರಿಗೆ ಬಿಳಿ ಗೆರೆಗಳ ಅಂಚಿನಲ್ಲಿ ತುಸು ಹರಳುಹರಳು ಕಾಣುತ್ತದೆ ಎಂಬುದು ನಿಜ, ಅದನ್ನು ನಾವು ತಿಳಿದೇ ಒಪ್ಪಿಕೊಂಡೆವು. ಉಳಿಸಿದ ಹಣದಲ್ಲಿ ಗೋಡೆಗೆಂದೇ ಹೊಸ ಪುಟ ಬರೆಸಿದೆವು: ಡ್ರಮ್ ಲೆವೆಲ್, ಉಗಿಯ ಒತ್ತಡ, ಉಷ್ಣತೆ, ಗ್ರಿಡ್ಡಿಗೆ ಹೋಗುವ ಮೆಗಾವಾಟ್ ಹೀಗೆ ಹನ್ನೊಂದು ಅಂಕಿಗಳು, ಮೂರು ಟ್ರೆಂಡುಗಳು (ಹೊತ್ತು ಹೋದಂತೆ ಅಂಕಿಯ ಏರಿಳಿತ ತೋರಿಸುವ ಗೆರೆಗಳು), ಬಲಗಡೆ ಕ್ಯಾರಿಯರಿನ ಎರಡು ಕ್ಯಾಮೆರಾ. ಅಂಕಿಗಳ ಎತ್ತರ 28 ಪಿಕ್ಸೆಲ್, ಅಂದರೆ 44 ಮಿ.ಮೀ. ಇಡೀ ಯೋಜನೆಯಲ್ಲಿ ಅತ್ಯಂತ ಒಳ್ಳೆಯ ಖರ್ಚು ಇದೇ.

ಎಲ್‌ಸಿಡಿ ವಿಡಿಯೊ ವಾಲ್ ಅನ್ನು ಏಕೆ ಬಿಟ್ಟೆವು ಎಂದು ಕೇಳುವವರಿಗೆ ನನ್ನ ಉತ್ತರ ಎಲ್‌ಇಡಿ ಮಾರುವವರ ಉತ್ತರಕ್ಕಿಂತ ಬೇರೆ. ನಾಲ್ಕು 55 ಇಂಚಿನ ಫಲಕಗಳನ್ನು ಎರಡರ ಮೇಲೆ ಎರಡು ಜೋಡಿಸಿದರೆ 2.4 × 1.36 ಮೀಟರಿನಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್ ಸಿಗುತ್ತದೆ. ಅದೇ ಅಳತೆಯಲ್ಲಿ 1.25ರ ಎಲ್‌ಇಡಿ ಕೊಡುವುದು ಅದರ ಕಾಲುಭಾಗ ಮಾತ್ರ. ನಾಲ್ಕೈದು ಆಪರೇಟರರ ಪುಟಗಳನ್ನು ಇದ್ದಂತೆಯೇ ತೋರಿಸಬೇಕಾದ, ಹತ್ತಿರ ಕುಳಿತು ನೋಡುವ ಕೋಣೆಗೆ ಎಲ್‌ಸಿಡಿಯೇ ಸರಿ, ಖರ್ಚೂ ಕಡಿಮೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ನಮಗೆ ಅಡ್ಡಬಂದದ್ದು ಎರಡು ಸಂಗತಿ. ಫಲಕಗಳ ನಡುವಿನ ಗೆರೆ 3.5 ಮಿ.ಮೀ. ಇದ್ದರೂ, ಇನ್ನಷ್ಟು ಕೊಟ್ಟು 0.88 ಮಿ.ಮೀ. ಮಾಡಿಸಿದರೂ, ಅದು ಬೀಳುವುದು ಸರಿಯಾಗಿ ಗೋಡೆಯ ನಡುವೆ, ನಮ್ಮ ಡ್ರಮ್ ಲೆವೆಲ್ಲಿನ ಟ್ರೆಂಡಿನ ಮೇಲೆ. ಎರಡನೆಯದು, ಟಿವಿಗಳಲ್ಲಿ ಕಂಡ ಆ ನೆರಳು. ವೃತ್ತಿಪರ ಫಲಕಗಳು ಅದನ್ನು ಬಹಳ ಮಟ್ಟಿಗೆ ತಡೆಯುತ್ತವೆ, ಆದರೂ ಒಂದೇ ಸ್ಥಿರ ಚಿತ್ರ ತಿಂಗಳುಗಟ್ಟಲೆ ನಿಲ್ಲುವ ಕಡೆ ನಮ್ಮವರಿಗೆ ಧೈರ್ಯ ಬರಲಿಲ್ಲ. ಅಂದಹಾಗೆ, ದೊಡ್ಡ ಟಿವಿ ಮತ್ತು ಮಾನಿಟರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ, ಅದಕ್ಕೆ ಮುಂಚಿನ ಕೊಟೇಶನ್ನುಗಳನ್ನು ಕಡತದಿಂದ ತೆಗೆದು ಹೋಲಿಸುವವರು ಹೊಸದಾಗಿ ತರಿಸಿಕೊಳ್ಳಬೇಕು.

ಎಲ್‌ಇಡಿಯಲ್ಲೂ ಎರಡು ಜಾತಿ. ಪ್ರತಿ ಬಿಂದುವಿಗೂ ಒಂದು ಬಿಡಿ ದೀಪವನ್ನು ಬೆಸುಗೆ ಹಾಕಿ ಕೂರಿಸಿದ್ದು ಎಸ್‌ಎಂಡಿ. ಚಿಪ್ಪುಗಳನ್ನು ಹಲಗೆಯ ಮೇಲೆಯೇ ಕೂರಿಸಿ ಮೇಲೆ ರಾಳದ ಪದರ ಹೊದಿಸಿದ್ದು ಸಿಒಬಿ. ಬಗ್ಯಾಸಿನ ನವಿರು ಧೂಳು ಎರಡು ಬಾಗಿಲು ದಾಟಿ ಕಂಟ್ರೋಲ್ ರೂಮಿಗೂ ಬರುತ್ತದೆ, ಒದ್ದೆ ಬಟ್ಟೆಯಿಂದ ಒರೆಸದೆ ನಮ್ಮ ಹೌಸ್‌ಕೀಪಿಂಗಿನವರಿಗೆ ಸಮಾಧಾನವಾಗುವುದಿಲ್ಲ. ಹಾಗಾಗಿ ಸಿಒಬಿಯನ್ನೇ ಕೇಳಿದೆವು. ಎಸ್‌ಎಂಡಿಯಲ್ಲಿ ಒಂದು ದೀಪ ಉದುರಿದರೆ ತಂತ್ರಜ್ಞ ಅಲ್ಲೇ ಬೆಸುಗೆ ಹಾಕಿಕೊಡಬಲ್ಲ, ಸಿಒಬಿಯಲ್ಲಿ ಮಾಡ್ಯೂಲನ್ನೇ, ಅಂದರೆ ಕ್ಯಾಬಿನೆಟ್ಟಿನ ಮುಖದ ಕಾಲುಭಾಗದ ಹಲಗೆಯನ್ನೇ, ಬದಲಿಸಬೇಕು. ಐದು ತಿಂಗಳಲ್ಲಿ ನಮ್ಮ ಗೋಡೆಯಲ್ಲಿ ಸತ್ತ ಬಿಂದುಗಳು ಎರಡು, ಮುಖ ಒರೆಸಿದ್ದರಿಂದ ಆದ ಹಾನಿ ಏನೂ ಇಲ್ಲ.

ಬೆಳಕಿನ ವಿಚಾರದಲ್ಲಿ ನಾವು ಎಡವಿದ್ದನ್ನು ವಿವರವಾಗಿ ಹೇಳಬೇಕು. ಕೊಟೇಶನ್ನಿನಲ್ಲಿ 600 ನಿಟ್ (ಪರದೆಯ ಬೆಳಕಿನ ಅಳತೆ) ಎಂದಿತ್ತು, ಇನ್ನೊಬ್ಬರು 800 ಎಂದು ಹೆಮ್ಮೆಯಿಂದ ಬರೆದಿದ್ದರು. ಉದ್ಘಾಟನೆಯ ದಿನ ಚೇರ್ಮನ್ ಸಾಹೇಬರು ಬರುವರೆಂದು ಗೋಡೆಯನ್ನು ಪೂರ್ತಿ ಬೆಳಕಿನಲ್ಲಿಟ್ಟಿದ್ದರು, ಕೋಣೆಯಲ್ಲೆಲ್ಲ ಹಬ್ಬ. ಮೂರನೆಯ ರಾತ್ರಿಪಾಳಿಗೆ ಆಪರೇಟರರು ಗೋಡೆಗೆ ಬೆನ್ನು ಹಾಕಿ ಕುರ್ಚಿ ತಿರುಗಿಸಿಕೊಂಡದ್ದನ್ನು ಕಂಡೆ. ಕಂಟ್ರೋಲ್ ರೂಮಿನ ಬೆಳಕಿಗೆ 150 ನಿಟ್ಟಿನ ಆಸುಪಾಸು ಸಾಕು. ಅಷ್ಟಕ್ಕೆ ಇಳಿಸಿದೆವು, ಅಂದರೆ ಪೂರ್ಣದ ಕಾಲುಭಾಗ. ಆಗ ಬೇರೊಂದು ದೋಷ ಹೊರಬಂತು. ಅಲಾರಂ ಬಂದಾಗ ಮಾತ್ರ ಬಣ್ಣ ಎದ್ದು ಕಾಣಲಿ ಎಂದು ನಮ್ಮ ಹೊಸ ಪುಟದ ಹಿನ್ನೆಲೆಯನ್ನು ಬೂದು ಇಟ್ಟಿದ್ದೆವು, ಈಗಿನ ಎಚ್‌ಎಂಐ (ಆಪರೇಟರರು ನೋಡುವ ಪುಟಗಳ) ವಿನ್ಯಾಸದ ರೀತಿಯೂ ಅದೇ. ಬೆಳಕು ಇಳಿಸಿದೊಡನೆ ಆ ಬೂದು ಒಂದೇ ಸಮ ಇರಲಿಲ್ಲ. ಕೆಲವು ಕಡೆ ತಿಳಿಗೆಂಪು, ಕೆಲವು ಕಡೆ ಹಸಿರುಛಾಯೆ, ಸುಣ್ಣ ಬಳಿದ ಗೋಡೆಗೆ ಮಳೆನೀರು ಇಳಿದಂತೆ. ಎಲ್‌ಇಡಿಯ ಬೆಳಕನ್ನು ತಗ್ಗಿಸುವುದೆಂದರೆ ದೀಪ ಹೊತ್ತಿರುವ ಕಾಲವನ್ನು ಕಿರಿದುಗೊಳಿಸುವುದು. ಕಾಲುಭಾಗಕ್ಕೆ ಇಳಿಸಿದ ಮೇಲೆ ಕಡುಬೂದುಗಳಿಗೆ ಉಳಿಯುವ ಮೆಟ್ಟಿಲುಗಳು ತೀರ ಕಡಿಮೆ, ಅಲ್ಲಿ ಡ್ರೈವರ್ ಚಿಪ್ಪಿನ ಗುಣಮಟ್ಟ ಬಯಲಾಗುತ್ತದೆ. ಪುಣೆಯ ಸರಬರಾಜುದಾರರ ಎಂಜಿನಿಯರ್ ಬಂದು ಕಡಿಮೆ ಬೆಳಕಿನ ಕ್ಯಾಲಿಬ್ರೇಶನ್ ಮತ್ತೆ ಮಾಡಿ, ಹಿನ್ನೆಲೆಯನ್ನು ನಾವು ಒಂದು ಮೆಟ್ಟಿಲು ತಿಳಿಗೊಳಿಸಿದ ಮೇಲೆ ಬಹುಪಾಲು ಸರಿಹೋಯಿತು, ಪೂರ್ತಿ ಅಲ್ಲ. ಡೆಮೊ ನೋಡುವಾಗಲೇ ಪರದೆಯನ್ನು ಕಾಲುಭಾಗ ಬೆಳಕಿಗೆ ಇಳಿಸಿ, ಬರೀ ಬೂದು ಬಣ್ಣ ತುಂಬಿಸಿ ನೋಡಿದ್ದರೆ ಇದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಗರಿಷ್ಠ ನಿಟ್ಟಿನ ಅಂಕಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. 3,840 ಹರ್ಟ್ಸ್ ರಿಫ್ರೆಶ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬುದು) ಮತ್ತು ಕಡಿಮೆ ಬೆಳಕಿನ ಗ್ರೇಸ್ಕೇಲಿಗೆ (ಬೂದಿನ ಮೆಟ್ಟಿಲುಗಳಿಗೆ) ಕೊಡಿ.

ಈಗ ಜನವರಿಯ ಆ ರಾತ್ರಿ. ಸಂಕ್ರಾಂತಿಯ ಆಸುಪಾಸು, ಸೊಲ್ಲಾಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆದಿತ್ತು, ಕಾರ್ಖಾನೆಯಲ್ಲಿ ಅರೆಯುವಿಕೆ ಪೂರ್ಣ ವೇಗದಲ್ಲಿತ್ತು. ಎರಡೂವರೆಯ ಹೊತ್ತಿಗೆ ಗೋಡೆಯ ಎಡದಿಂದ ಎರಡನೆಯ ಕಂಬ, ಮೇಲಿಂದ ಕೆಳಗೆ ಐದೂ ಕ್ಯಾಬಿನೆಟ್, ಒಮ್ಮೆಲೇ ಕಪ್ಪಾಯಿತು. ಆಪರೇಟರರ ಮಾನಿಟರುಗಳೂ ಅಲಾರಂ ಫಲಕವೂ ಡ್ರಮ್ಮಿನ ಗೇಜ್ ಗ್ಲಾಸೂ ಇದ್ದದ್ದರಿಂದ ಅಪಾಯವೇನೂ ಆಗಲಿಲ್ಲ. ಗೋಡೆಯನ್ನು ಎಂದೂ ಅವುಗಳ ಬದಲಿಗೆ ನೆಚ್ಚಬಾರದು. ಆದರೆ ಡ್ರಮ್ ಲೆವೆಲ್ಲಿನ ಟ್ರೆಂಡು ಇದ್ದದ್ದು ಸರಿಯಾಗಿ ಆ ಕಂಬದಲ್ಲಿ. ನಮ್ಮ ಕರಾರಿನಲ್ಲಿ ಡೇಟಾ ಕೇಬಲ್ಲಿನ ರಿಡಂಡೆನ್ಸಿ ಎಂದು ಸ್ಪಷ್ಟವಾಗಿ ಬರೆದಿತ್ತು: ಕೆಳಗಿನ ಕ್ಯಾಬಿನೆಟ್ಟಿನಿಂದ ಮೇಲಿನದಕ್ಕೆ ಸರಪಳಿಯಂತೆ ಹೋದ ಕೇಬಲ್, ತುದಿಯಿಂದ ಮತ್ತೆ ಸೆಂಡಿಂಗ್ ಪೆಟ್ಟಿಗೆಗೆ (ಕ್ಯಾಬಿನೆಟ್ಟುಗಳಿಗೆ ಚಿತ್ರ ಕಳಿಸುವ ಪೆಟ್ಟಿಗೆಗೆ) ಮರಳಬೇಕು, ಆಗ ನಡುವೆ ಒಂದು ಕೊಂಡಿ ಕಳಚಿದರೂ ಉಳಿದವು ಇನ್ನೊಂದು ತುದಿಯಿಂದ ಚಿತ್ರ ಪಡೆಯುತ್ತವೆ. ಟಾರ್ಚ್ ಹಿಡಿದು, ಅಯಸ್ಕಾಂತದ ಹಿಡಿಕೆಯಿಂದ ಮೇಲಿನ ಮಾಡ್ಯೂಲನ್ನು ಎಳೆದು ನೋಡಿದರೆ ಹಿಂತಿರುಗುವ ಕೇಬಲ್ಲೇ ಇಲ್ಲ, ಪೋರ್ಟಿನಲ್ಲಿ ಧೂಳು ತಡೆಯುವ ರಬ್ಬರ್ ಬಿರಡೆ ಹಾಗೆಯೇ ಕೂತಿತ್ತು. ಕೆಳಗೆ ಬಂದು ಸೆಂಡಿಂಗ್ ಪೆಟ್ಟಿಗೆ ನೋಡಿದಾಗ ಕಾರಣ ತಿಳಿಯಿತು: ಕೊಟ್ಟದ್ದು ಆರು ಪೋರ್ಟಿನ ಪೆಟ್ಟಿಗೆ, ಐದು ಕಂಬಕ್ಕೆ ಐದು ಹೋದ ಮೇಲೆ ಮರಳುವ ಕೇಬಲ್ಲುಗಳಿಗೆ ಉಳಿದದ್ದು ಒಂದೇ ಪೋರ್ಟ್. ಒಂದು ಗಿಗಾಬಿಟ್ ಪೋರ್ಟ್ ಸುಮಾರು 6.5 ಲಕ್ಷ ಪಿಕ್ಸೆಲ್ ಹೊರಬಲ್ಲದು, ನಮ್ಮ ಒಂದು ಕಂಬದಲ್ಲಿ ಇರುವುದು 4.15 ಲಕ್ಷ, ಅಂದರೆ ಸಾಮರ್ಥ್ಯದ ಕೊರತೆಯಿರಲಿಲ್ಲ, ಪೋರ್ಟುಗಳ ಎಣಿಕೆಯಲ್ಲೇ ಜಿಪುಣತನ ಮಾಡಿದ್ದರು. ಸರಬರಾಜುದಾರರಿಗೆ ಫೋನ್ ಮಾಡಿದರೆ ತಂತ್ರಜ್ಞ ಜಾತ್ರೆಯ ಪರದೆಯ ಕೆಲಸದಲ್ಲಿದ್ದಾನೆ ಎಂದರು. ಕೆಟ್ಟದ್ದು ಕೆಳಗಿನ ಕ್ಯಾಬಿನೆಟ್ಟಿನ ರಿಸೀವಿಂಗ್ ಕಾರ್ಡ್ (ಚಿತ್ರವನ್ನು ಪಡೆಯುವ ಕಾರ್ಡ್) ಎಂದು ನಾವೇ ಪತ್ತೆಹಚ್ಚಿ, ಅದನ್ನು ಬಿಟ್ಟು ಎರಡನೆಯದಕ್ಕೆ ನೇರವಾಗಿ ಒಂದು ಉದ್ದದ ಪ್ಯಾಚ್ ಕೇಬಲ್ ಎಳೆದೆವು. ನಾಲ್ಕು ಬೆಳಗಿದವು, ಐದನೆಯದು ಮೂರು ದಿನ ಕತ್ತಲೆಯಲ್ಲೇ ಉಳಿಯಿತು. ಪೆಟ್ಟಿಗೆಯನ್ನು ಆಮೇಲೆ ಬದಲಿಸಿಕೊಟ್ಟಿದ್ದಾರೆ, ಮರುಮಾತಿಲ್ಲದೆ, ಅಷ್ಟರಮಟ್ಟಿಗೆ ಮೆಚ್ಚಬೇಕು. ಆದರೆ ಸ್ವೀಕಾರ ಪರೀಕ್ಷೆಯ ದಿನ ನಾನು ಒಂದು ಕೇಬಲ್ಲನ್ನು ಕೈಯಾರೆ ಕಿತ್ತು ನೋಡಬೇಕಿತ್ತು. ಕಾಗದದ ಮೇಲೆ ಟಿಕ್ ಹಾಕಿದ್ದೆ.

ಬಿಡಿಭಾಗಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಒಂದು ಕ್ಯಾಬಿನೆಟ್ಟಿಗೆ ನಾಲ್ಕರಂತೆ ನಮ್ಮ ಗೋಡೆಯಲ್ಲಿ 100 ಮಾಡ್ಯೂಲುಗಳಿವೆ, ಐದನ್ನು ಹೆಚ್ಚುವರಿಯಾಗಿ ಕೊಂಡಿದ್ದೆವು. ಎಲ್‌ಇಡಿಗಳನ್ನು ತಯಾರಿಸುವಾಗ ಬಣ್ಣ ಮತ್ತು ಬೆಳಕಿನ ಸಣ್ಣ ವ್ಯತ್ಯಾಸದ ಪ್ರಕಾರ ಬೇರ್ಪಡಿಸಿ ಬ್ಯಾಚುಗಳಾಗಿ ಕಟ್ಟುತ್ತಾರೆ. ಗೋಡೆಯ ಬ್ಯಾಚಿನದೇ ಹೆಚ್ಚುವರಿ ಮಾಡ್ಯೂಲುಗಳು ಬೇಕು, ಇಲ್ಲದಿದ್ದರೆ ಹೊಸ ಬಟ್ಟೆಯ ತೇಪೆಯಂತೆ ಎದ್ದು ಕಾಣುತ್ತದೆ. ನಮಗೆ ಬಂದ ಐದರಲ್ಲಿ ಎರಡು ಬೇರೆ ಬ್ಯಾಚಿನವು. ಒಂದನ್ನು ಹಾಕಿದೆವು, ಮೇಲಿನ ಬಲಮೂಲೆಯಲ್ಲಿ ಈಗ ಅಂಗೈ ಎರಡರಷ್ಟಗಲ ಒಂದು ತಿಳಿಗೆಂಪು ಚೌಕವಿದೆ. ರಿಸೀವಿಂಗ್ ಕಾರ್ಡ್, ಪವರ್ ಸಪ್ಲೈ ಮತ್ತು ಒಳಗಿನ ಚಪ್ಪಟೆ ರಿಬ್ಬನ್ ಕೇಬಲ್ಲು ಇವು ಕೊಟೇಶನ್ನಿನ ಬಿಡಿಭಾಗದ ಪಟ್ಟಿಯಲ್ಲೇ ಇರಲಿಲ್ಲ, ನಾವೂ ಕೇಳಿರಲಿಲ್ಲ. ಪುಣೆ ಇಲ್ಲಿಂದ 250 ಕಿ.ಮೀ.ಗಿಂತ ದೂರ, 24 ಗಂಟೆಯಲ್ಲಿ ಬರುತ್ತೇವೆ ಎಂಬ ಸೇವಾ ಕರಾರಿಗಿಂತ ನಮ್ಮ ಸ್ಟೋರಿನ ಕಪಾಟಿನಲ್ಲಿರುವ ಎರಡು ಕಾರ್ಡು, ಎರಡು ಪವರ್ ಸಪ್ಲೈ ಹೆಚ್ಚು ನಂಬಿಕೆಯವು.

ಪ್ರೊಸೆಸರ್ ವಿಷಯದಲ್ಲಿ ದೂರಿಲ್ಲ. ಡಿಸಿಎಸ್, ವಿದ್ಯುತ್ ಸ್ಕಾಡಾ (ವಿದ್ಯುತ್ತಿನ ಮೇಲೆ ನಿಗಾ ಇಡುವ ವ್ಯವಸ್ಥೆ), ಕ್ಯಾಮೆರಾ ಮತ್ತು ಒಂದು ಲ್ಯಾಪ್‌ಟಾಪ್ ಹೀಗೆ ನಾಲ್ಕು ಮೂಲಗಳನ್ನು ಬೇಕಾದಂತೆ ಹಂಚಿ ತೋರಿಸುತ್ತದೆ. ಸರ್ವರ್ ಕೋಣೆ ದೂರವಿದ್ದುದರಿಂದ ಎಚ್‌ಡಿಎಂಐ ಕೇಬಲ್ಲಿನ ಬದಲು ಚಿತ್ರವನ್ನು ದೂರಕ್ಕೆ ಸಾಗಿಸುವ ಎಚ್‌ಡಿಬೇಸ್‌ಟಿ ಎಕ್ಸ್‌ಟೆಂಡರ್ ಹಾಕಿ ಕ್ಯಾಟ್-6 ಎಳೆದೆವು. ಪರದೆಯ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಟ್ಟರೆ ಪುಣೆಯಿಂದಲೇ ರಿಪೇರಿ ಮಾಡುತ್ತೇವೆ ಎಂದು ಅವರು ಕೇಳಿದ್ದನ್ನು ಮಾತ್ರ ಒಪ್ಪಲಿಲ್ಲ. ಡಿಸಿಎಸ್ಸಿನಿಂದ ಹೊರಬರುವುದು ಚಿತ್ರದ ಕೇಬಲ್ ಒಂದೇ, ನೆಟ್‌ವರ್ಕ್ ಕೇಬಲ್ ಅಲ್ಲ.

ಬಜೆಟ್ಟಿನ ಮಾತು. ಜಿಎಸ್‌ಟಿ ಬಿಟ್ಟು ನಮ್ಮ ಒಟ್ಟು ಖರ್ಚನ್ನು 100 ರೂಪಾಯಿ ಎಂದುಕೊಂಡರೆ ಕ್ಯಾಬಿನೆಟ್ಟುಗಳಿಗೆ ಹೋದದ್ದು 58. ಪ್ರೊಸೆಸರ್, ಸೆಂಡಿಂಗ್ ಪೆಟ್ಟಿಗೆ ಮತ್ತು ಎಕ್ಸ್‌ಟೆಂಡರುಗಳಿಗೆ 14, ಕಬ್ಬಿಣದ ಚೌಕಟ್ಟು ಮತ್ತು ಗೋಡೆಯ ಕೆಲಸಕ್ಕೆ 9, ವಿದ್ಯುತ್ ಫೀಡರ್, ಯುಪಿಎಸ್ ಮತ್ತು ಎಸಿಗೆ 10, ಹೊಸ ಪುಟ ಬರೆಸಲು 5, ಬಿಡಿಭಾಗಕ್ಕೆ 4. ಸಮಿತಿಯ ಮುಂದೆ ಮೊದಲ ಸಲ ಹೋದಾಗ ನಮ್ಮ ಟಿಪ್ಪಣಿಯಲ್ಲಿ ಇದ್ದದ್ದು ಮೊದಲ ಎರಡು ಬಾಬು ಮಾತ್ರ. ಉಳಿದದ್ದಕ್ಕೆ ಮತ್ತೆ ಮಂಜೂರಾತಿ ಕೇಳಲು ಹೋದಾಗ ಸಿಕ್ಕ ಸ್ವಾಗತವನ್ನು ಇಲ್ಲಿ ಬರೆಯುವುದು ಬೇಡ. ಈಗ ಮಾಡುವುದಾದರೆ ಬಿಡಿಭಾಗದ ಪಾಲನ್ನು 4ರಿಂದ 8ಕ್ಕೆ ಏರಿಸುತ್ತೇನೆ, ಅದಕ್ಕಾಗಿ ಗೋಡೆಯನ್ನು ಒಂದು ಸಾಲು ಕಿರಿದು ಮಾಡಬೇಕಾದರೂ ಸರಿಯೇ. ವಿದ್ಯುತ್ತಿನ ಖರ್ಚು ಹೆದರಿಸುವಂಥದ್ದಲ್ಲ: ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದಾಗ ಕಾಲುಭಾಗ ಬೆಳಕಿನಲ್ಲಿ 700 ವಾಟ್ ಆಸುಪಾಸು, 150 ದಿನಕ್ಕೆ ಸುಮಾರು 2,500 ಯೂನಿಟ್. ಆದರೆ ಯುಪಿಎಸ್ಸನ್ನು ಗರಿಷ್ಠ ಬಳಕೆಗೂ, ಹೊತ್ತಿಸಿದ ಕ್ಷಣದ ಪ್ರವಾಹಕ್ಕೂ ಲೆಕ್ಕ ಹಾಕಬೇಕು; 25 ಪವರ್ ಸಪ್ಲೈ ಒಟ್ಟಿಗೆ ಎದ್ದಾಗ ನಮ್ಮ ಮೊದಲ ಎಂಸಿಬಿ ಬಿದ್ದಿತ್ತು, ಆಮೇಲೆ ಒಂದರ ಹಿಂದೊಂದು ಕಂಬ ಹೊತ್ತುವಂತೆ ಟೈಮರ್ ಹಾಕಿಸಿದೆವು.

ವರ್ಷವಿಡೀ ನಡೆಯುವ ಕಾರ್ಖಾನೆಗಳಿಗಿಲ್ಲದ ಒಂದು ತೊಂದರೆ ಸಕ್ಕರೆ ಕಾರ್ಖಾನೆಗಳಿಗಿದೆ. ಹಂಗಾಮು ಮುಗಿದ ಮೇಲೆ ಆರು ತಿಂಗಳು ಕೋಣೆ ಮುಚ್ಚಿರುತ್ತದೆ, ಎಸಿ ಬಂದ್, ನಡುವೆ ಮಳೆಗಾಲ. ಎಲ್‌ಇಡಿಯ ಹೊದಿಕೆ ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತದೆ. ಹಾಗೆ ತೇವ ಹಿಡಿದ ಪರದೆಯನ್ನು ಅಕ್ಟೋಬರಿನಲ್ಲಿ ಒಮ್ಮೆಲೇ ಪೂರ್ಣ ಬೆಳಕಿನಲ್ಲಿ ಹೊತ್ತಿಸಿದರೆ ಒಳಗಿನ ತೇವ ಬಿಸಿಯಾಗಿ ಬಿಂದುಗಳು ಸಾಲುಸಾಲಾಗಿ ಸಾಯಬಹುದು. ಸಿಒಬಿಯಲ್ಲಿ ಈ ಭಯ ಕಡಿಮೆ, ಇಲ್ಲವೆಂದಲ್ಲ. ಆದ್ದರಿಂದ ಈ ಆಫ್ ಸೀಜನ್ನಿನಲ್ಲಿ ವಾರಕ್ಕೆ ಎರಡು ದಿನ, ಎರಡೆರಡು ಗಂಟೆ, ಕಡಿಮೆ ಬೆಳಕಿನಲ್ಲಿ ಗೋಡೆಯನ್ನು ಉರಿಸುವ ಕೆಲಸವನ್ನು ಎಲೆಕ್ಟ್ರಿಷಿಯನ್ ಪಾಳಿಯ ರಿಜಿಸ್ಟರಿನಲ್ಲೇ ಬರೆದಿಟ್ಟಿದ್ದೇವೆ. ಅಷ್ಟು ಹೊತ್ತು ಎಸಿಯೂ ನಡೆಯಬೇಕು, ಅದರ ಖರ್ಚನ್ನೂ ಮುಂಚೆಯೇ ಹಿಡಿದುಕೊಳ್ಳಬೇಕು. ಯಾವ ಕೊಟೇಶನ್ನಿನಲ್ಲೂ ಇದರ ಸುದ್ದಿ ಇರಲಿಲ್ಲ.

ಒಟ್ಟಿನಲ್ಲಿ ಪರದೆಗೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಸರಬರಾಜುದಾರರಿಗೆ ಎರಡೂವರೆ. ಕ್ಯಾರಿಯರ್ ನಿಂತದ್ದನ್ನು ಈಗ ಯಾರೂ ಬಾಗಿಲಿಗೆ ಬಂದು ಕೂಗಿ ಹೇಳುವುದಿಲ್ಲ. ಕ್ಯಾಮೆರಾದ ಚಿತ್ರದಲ್ಲಿ ಕಬ್ಬು ನಿಂತ ಕೂಡಲೇ ಹಿರಿಯ ಆಪರೇಟರ್ ಫೀಡ್ ವಾಟರಿನ ಕಡೆಗೆ ಕೈ ಹೋಗದಂತೆ ಪಕ್ಕದ ಹುಡುಗನ ಮಣಿಕಟ್ಟು ಹಿಡಿಯುವುದನ್ನು ನಾನೇ ಎರಡು ಸಲ ನೋಡಿದ್ದೇನೆ. ಬಿಲ್ಲಿನ ಶೇ. 10 ಹಣವನ್ನು ಕರಾರಿನಂತೆ ತಡೆದಿಟ್ಟುಕೊಂಡಿದ್ದೇವೆ. ಗೋಡೆಯ ಬ್ಯಾಚಿನದೇ ಎರಡು ಮಾಡ್ಯೂಲ್ ಕಳಿಸುವುದಾಗಿ ಅವರು ಮೂರನೆಯ ಬಾರಿ ಮಾತು ಕೊಟ್ಟಿದ್ದಾರೆ. ಬಲಮೂಲೆಯ ಆ ತಿಳಿಗೆಂಪು ಚೌಕ ಹೋದ ದಿನ ಚೆಕ್ಕಿಗೆ ಸಹಿ ಬೀಳುತ್ತದೆ.